ಕಾರ್ಬನ್ ಕಟ್ಟಿದೆ ಸರಿ, ಎಲ್ಲಿ ಕಟ್ಟಿದೆ?

ಕಾರು ಸರ್ವಿಸ್‌ಗೆ ಬಿಟ್ಟವರಲ್ಲಿ ಹೆಚ್ಚಿನವರು ಈ ಮಾತು ಕೇಳಿರುತ್ತಾರೆ. "ಎಂಜಿನ್‌ನಲ್ಲಿ ಕಾರ್ಬನ್ ಕಟ್ಟಿದೆ, ಒಂದ್ಸಲ ಕ್ಲೀನ್ ಮಾಡಿಸಿಬಿಡಿ." ಪಿಕಪ್ ಕಮ್ಮಿಯಾಗಿದೆ ಅಂದರೂ ಇದೇ ಉತ್ತರ. ಮೈಲೇಜ್ ಇಳಿದಿದೆ ಅಂದರೂ ಇದೇ ಉತ್ತರ. ಏನೂ ದೂರು ಹೇಳದಿದ್ದರೂ ಎಷ್ಟೋ ಸಲ ಬಿಲ್ಲಿನಲ್ಲಿ ಈ ಕೆಲಸದ ಹೆಸರು ಸೇರಿರುತ್ತದೆ.

ಆ ಮಾತು ಸುಳ್ಳೇನಲ್ಲ. ಪೆಟ್ರೋಲ್ ಅಥವಾ ಡೀಸೆಲ್ ಉರಿಸುವ ಯಾವ ಎಂಜಿನ್ನಾದರೂ ಒಳಗೆ ಒಂದಿಷ್ಟು ಕರಿ ಹಿಡಿದೇ ಹಿಡಿಯುತ್ತದೆ. ಆದರೆ ಅದು ಅರ್ಧ ಮಾತು. ಎಲ್ಲಿ ಕಟ್ಟಿದೆ, ಯಾಕೆ ಕಟ್ಟಿತು ಅನ್ನುವುದು ಉಳಿದರ್ಧ. ಪಿಸ್ಟನ್ ತಲೆಯ ಮೇಲೆ ಕೂರುವ ಕರಿ ಹೆಚ್ಚಾಗಿ ಸರಿಯಾಗಿ ಉರಿಯದ ಇಂಧನದ್ದು. ಗಾಳಿ ಒಳಗೆ ಬರುವ ವಾಲ್ವಿನ ಬೆನ್ನಿಗೆ ಗಟ್ಟಿಯಾಗಿ ಅಂಟುವುದು ಹೆಚ್ಚಾಗಿ ಎಂಜಿನ್ ಆಯಿಲ್‌ನದು. ಡೀಸೆಲ್ ಕಾರಿನ ಗಾಳಿ ಕೊಳವೆಯಲ್ಲಿ ಡಾಂಬರಿನ ಹಾಗೆ ಮೆತ್ತಿಕೊಳ್ಳುವುದು ಹೊಗೆ ಮತ್ತು ಆಯಿಲ್ ಎರಡೂ ಕೂಡಿ ಆದದ್ದು. ಹೆಸರು ಎಲ್ಲಕ್ಕೂ ಕಾರ್ಬನ್ ಅಂತಲೇ. ಹುಟ್ಟು ಮಾತ್ರ ಬೇರೆ ಬೇರೆ. ಹೀಗಿರುವಾಗ ಎಲ್ಲಕ್ಕೂ ಒಂದೇ ಬಾಟಲಿಯ ಮದ್ದು ಹೇಗೆ ಸಾಕಾಗುತ್ತದೆ, ಅಲ್ವಾ?

ಉರಿ ಸರಿಯಾಗಿದ್ದರೆ ಮಸಿ ಇಲ್ಲ

ಪೆಟ್ರೋಲ್ ಅಂದರೆ ಕಾರ್ಬನ್ ಮತ್ತು ಹೈಡ್ರೋಜನ್ ಸೇರಿದ ದ್ರವ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಆಗ ಕಾರ್ಬನ್ ಎಲ್ಲವೂ ಕಾರ್ಬನ್ ಡೈಆಕ್ಸೈಡ್ ಆಗಿ, ಹೈಡ್ರೋಜನ್ ಎಲ್ಲವೂ ನೀರಿನ ಹಬೆಯಾಗಿ ಸೈಲೆನ್ಸರ್ ಮೂಲಕ ಹೊರಟುಹೋಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಈ ನೀರಿನ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಆದರೆ ಎಂಜಿನ್ನಿಗೆ ಪುರುಸೊತ್ತು ಇಲ್ಲ. 3,000 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಇಳಿಯಲು ತೆಗೆದುಕೊಳ್ಳುವ ಸಮಯ ಸೆಕೆಂಡಿನ ನೂರನೇ ಒಂದು ಭಾಗ. ಇಂಧನ ಹಬೆಯಾಗಿ, ಗಾಳಿಯ ಜೊತೆ ಬೆರೆತು, ಮೂಲೆಮೂಲೆಗೂ ಉರಿ ಮುಟ್ಟಿ ಮುಗಿಯುವುದೆಲ್ಲ ಅಂಥ ಅವಸರದಲ್ಲೇ ನಡೆಯಬೇಕು. ಜೊತೆಗೆ ಸಿಲಿಂಡರಿನ ಗೋಡೆಯನ್ನು ಕೂಲೆಂಟ್ ತಂಪಾಗಿಡುತ್ತದೆ. ಗೋಡೆಯ ಹತ್ತಿರ ಬಂದ ಜ್ವಾಲೆ ಅಲ್ಲೇ ನಂದುತ್ತದೆ. ಆ ತೆಳ್ಳನೆಯ ಪದರದಲ್ಲಿ ಉಳಿದ ಇಂಧನ ಅರೆಬರೆ ಬೆಂದು ಕರಿಯಾಗುತ್ತದೆ. ಸೀಮೆಎಣ್ಣೆ ಬುಡ್ಡಿಯ ಬತ್ತಿಯನ್ನು ಜಾಸ್ತಿ ಮೇಲೆತ್ತಿದರೆ ಗಾಜಿಗೆ ಮಸಿ ಹಿಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಣ್ಣೆ ಜಾಸ್ತಿ, ಗಾಳಿ ಕಮ್ಮಿ, ಮೇಲೆ ತಣ್ಣನೆಯ ಗಾಜು. ಎಂಜಿನ್ ಒಳಗೂ ಅಷ್ಟೇ.

ಎಂಜಿನ್ ಬಿಸಿಯಾಗದೇ ಇರುವುದೇ ದೊಡ್ಡ ಕಾರಣ

ಒಂದೇ ಒಂದು ಕಾರಣ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಎಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ಆಫ್ ಆಗುತ್ತಿದೆ.

ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹಬೆಯಾಗುವುದಿಲ್ಲ. ಅದಕ್ಕೇ ಕಾರಿನ ಕಂಪ್ಯೂಟರ್ ಸ್ಟಾರ್ಟ್ ಆದ ಹೊತ್ತಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಅದರಲ್ಲಿ ಒಂದಿಷ್ಟು ಉರಿಯುತ್ತದೆ, ಒಂದಿಷ್ಟು ಮಸಿಯಾಗುತ್ತದೆ, ಒಂದಿಷ್ಟು ಸಿಲಿಂಡರಿನ ಗೋಡೆ ತೊಳೆದುಕೊಂಡು ಕೆಳಗಿನ ಆಯಿಲ್‌ಗೆ ಸೇರುತ್ತದೆ. ಮೊದಲು ಹೇಳಿದ ನೀರಿನ ಹಬೆಯ ಒಂದು ಪಾಲೂ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು, ತಣ್ಣನೆಯ ಕಬ್ಬಿಣಕ್ಕೆ ತಾಗಿ, ಮತ್ತೆ ನೀರಾಗಿ ಆಯಿಲ್‌ನಲ್ಲಿ ಬೆರೆಯುತ್ತದೆ. ದೂರ ಓಡಿಸಿದರೆ ಆಯಿಲ್ ಕಾದು ಈ ನೀರು, ಪೆಟ್ರೋಲ್ ಎರಡೂ ಆವಿಯಾಗಿ ಹೋಗುತ್ತವೆ. ಮೂರು ಕಿ.ಮೀ. ಓಡಿಸಿ ನಿಲ್ಲಿಸಿದರೆ ಅಲ್ಲೇ ಉಳಿಯುತ್ತವೆ. ಇನ್ನೊಂದು ವಿಷಯ ಗಮನಿಸಿ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲೆಂಟ್‌ನ ಬಿಸಿಯನ್ನು. ಆಯಿಲ್ ಬಿಸಿಯಾಗುವುದು ಅದಕ್ಕಿಂತ ತುಂಬಾ ನಿಧಾನ. ಮುಳ್ಳು ನಡುವೆ ಬಂತು ಅಂದ ಮಾತ್ರಕ್ಕೆ ಎಂಜಿನ್ ಒಳಗೆಲ್ಲ ಕಾದಿದೆ ಅಂತಲ್ಲ.

ಸ್ಪಾರ್ಕ್ ಪ್ಲಗ್‌ಗೂ ಇದೇ ಕಷ್ಟ. ಪ್ಲಗ್‌ನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಮೇಲಿನ ಕರಿ ತಾನಾಗಿ ಉರಿದುಹೋಗುತ್ತದೆ. ಅಷ್ಟು ಬಿಸಿಯಾಗದಿದ್ದರೆ ಕರಿ ಕೂತೇ ಇರುತ್ತದೆ. ಕರಿಯ ಮೂಲಕ ವಿದ್ಯುತ್ ಹರಿಯುತ್ತದೆ. ಹಾಗಾಗಿ ಕಿಡಿ ಹಾರಬೇಕಾದ ಕಡೆ ಹಾರದೆ ಕರಿಯ ದಾರಿಯಲ್ಲೇ ಸೋರಿಹೋಗುತ್ತದೆ. ಕಿಡಿ ಸೋತರೆ ಮಿಸ್‌ಫೈರ್. ಮಿಸ್‌ಫೈರ್ ಆದರೆ ಉರಿಯದ ಪೆಟ್ರೋಲ್ ಇನ್ನೂ ಜಾಸ್ತಿ, ಕರಿಯೂ ಇನ್ನೂ ಜಾಸ್ತಿ.

ಅದಕ್ಕೇ ಓಡೋಮೀಟರ್ ನೋಡಿ "ಇದು ಕಮ್ಮಿ ಓಡಿದ ಗಾಡಿ, ಒಳಗೆ ಶುದ್ಧ ಇರುತ್ತದೆ" ಎಂದುಕೊಳ್ಳುವುದು ತಪ್ಪು. ದಿನಾ ನಾಲ್ಕು ಸಲ ಸ್ಟಾರ್ಟ್ ಆಗಿ, ಪ್ರತಿ ಸಲ ಎರಡು ಮೂರು ಕಿ.ಮೀ. ಓಡಿ ನಿಂತ ಕಾರಿನ ಒಳಗಿಗಿಂತ, ಹೆದ್ದಾರಿಯಲ್ಲಿ ಅದರ ಐದು ಪಟ್ಟು ಓಡಿದ ಕಾರಿನ ಒಳಗು ಚೊಕ್ಕಟವಾಗಿರುವುದು ಸಾಮಾನ್ಯ. ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಂತ ಕಾರನ್ನೂ ಈ ಸಾಲಿಗೇ ಸೇರಿಸಬಹುದು. ಐಡ್ಲಿಂಗ್‌ನಲ್ಲಿ ಉರಿಯುವ ಇಂಧನ ಕಡಿಮೆ, ಸಿಲಿಂಡರ್ ಒಳಗಿನ ಬಿಸಿಯೂ ಕಡಿಮೆ. ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ಆಗಾಗ ನಿಂತು ಮತ್ತೆ ಶುರುವಾಗುವುದರಿಂದ, ಅದಕ್ಕೆ ಪೂರ್ತಿ ಕಾಯುವ ಅವಕಾಶವೇ ಸಿಗದೆ ಹೋಗುವುದುಂಟು.

ಕೆಟ್ಟರೆ ಎಂಜಿನ್ನನ್ನು ಹೀಗೆ ತಣ್ಣಗೆ ಉಳಿಸುವ ಒಂದು ಚಿಕ್ಕ ಭಾಗವಿದೆ, ಅದೇ ಥರ್ಮೋಸ್ಟಾಟ್. ಎಂಜಿನ್ ಕಾದ ಮೇಲೆ ಮಾತ್ರ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು ಅದು. ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡರೆ ಕೂಲೆಂಟ್ ಸದಾ ರೇಡಿಯೇಟರ್‌ಗೆ ಹರಿಯುತ್ತಲೇ ಇರುತ್ತದೆ. ಎಂಜಿನ್ ಎಷ್ಟು ಓಡಿದರೂ ಬೇಕಾದ ಬಿಸಿ ಮುಟ್ಟುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಹೆಚ್ಚು ಇಂಧನ ಕೊಡುತ್ತಲೇ ಹೋಗಬಹುದು. ಕಾರು ಬಿಸಿಯೇರಿ ನಿಂತರೆ ಎಲ್ಲರೂ ಗಾಬರಿಯಾಗುತ್ತಾರೆ. ತಣ್ಣಗಿದ್ದರೆ ಯಾರೂ ಗಮನಿಸುವುದಿಲ್ಲ. ಕೂಲೆಂಟ್‌ನ ಬಿಸಿ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೂ, ಇಂಧನ ಸಿಂಪಡಿಸುವ ಇಂಜೆಕ್ಟರ್ ಸೋರುತ್ತಿದ್ದರೂ, ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್ ಕೆಟ್ಟಿದ್ದರೂ ಹೀಗೇ ಇಂಧನ ಹೆಚ್ಚಾಗಿ ಕರಿ ಕಟ್ಟುತ್ತದೆ.

ಹೊಸ ತಂತ್ರಜ್ಞಾನ ತಂದ ಹೊಸ ಜಾಗ

ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ಇರುತ್ತಿದ್ದುದು ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲಿ. ಅದು ಸಾಮಾನ್ಯವಾಗಿ 3ರಿಂದ 5 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೆಯೇ ಸಿಂಪಡಿಸುತ್ತಿತ್ತು. ಪೆಟ್ರೋಲ್ ಒಳ್ಳೆಯ ದ್ರಾವಕ. ಅದರಲ್ಲಿ ಸೇರಿಸಿರುವ ಡಿಟರ್ಜೆಂಟ್ ಬೇರೆ. ಹೀಗಾಗಿ ವಾಲ್ವು ಪ್ರತಿ ಸಲವೂ ತೊಳೆದುಕೊಳ್ಳುತ್ತಿತ್ತು. ಯಾರೂ ಅದಕ್ಕೆಂದೇ ಯೋಜನೆ ಹಾಕಿರಲಿಲ್ಲ. ಸುಮ್ನೆ ಸಿಕ್ಕ ಲಾಭ ಅದು.

ಆಮೇಲೆ ಬಂದದ್ದು ಡೈರೆಕ್ಟ್ ಇಂಜೆಕ್ಷನ್, ಜಿಡಿಐ ಅಂತ ಕರೆಯುವುದು ಇದನ್ನೇ. ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಗೇ ಸಿಂಪಡಿಸುವ ಈ ಪದ್ಧತಿ ಪೂರ್ತಿ ಹೊಸದೇನಲ್ಲ. 1954ರಲ್ಲಿ ಬಂದ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲೇ ಯಾಂತ್ರಿಕ ರೂಪದಲ್ಲಿ ಇದು ಇತ್ತು. ಕಂಪ್ಯೂಟರ್ ನಿಯಂತ್ರಣದ ಆಧುನಿಕ ರೂಪವನ್ನು 1996ರಲ್ಲಿ ಮಿತ್ಸುಬಿಶಿ ಮಾರುಕಟ್ಟೆಗೆ ತಂದಿತು. ಈಗ ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ ಬಹಳಷ್ಟು ಇದೇ ಬಗೆಯವು. ಒತ್ತಡ 150 ಬಾರ್‌ನಿಂದ 350 ಬಾರ್‌ವರೆಗೂ ಇರುತ್ತದೆ. ಇಂಧನ ಉಳಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಇದು ನಿಜವಾದ ಲಾಭ, ಅಲ್ಲಗಳೆಯುವ ಮಾತಿಲ್ಲ.

ಆದರೆ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಇನ್ನು ಪೆಟ್ರೋಲ್ ಸೋಕುವುದೇ ಇಲ್ಲ. ಅಲ್ಲಿ ಹಾದುಹೋಗುವುದು ಗಾಳಿ ಮಾತ್ರ. ಗಾಳಿಯಷ್ಟೇ ಆಗಿದ್ದರೆ ತೊಂದರೆ ಇರುತ್ತಿರಲಿಲ್ಲ. ಅದರ ಜೊತೆ ಆಯಿಲ್‌ನ ಹಬೆಯೂ ಬರುತ್ತದೆ.

ಆ ಹಬೆ ಎಲ್ಲಿಂದ ಬರುತ್ತದೆ ಎಂಬುದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ಪಿಸ್ಟನ್ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿಯ ಒತ್ತಡಕ್ಕೆ ಒಂದಿಷ್ಟು ಅನಿಲ ಕೆಳಗೆ ನುಸುಳಿ ಆಯಿಲ್ ಇರುವ ಜಾಗ ಸೇರುತ್ತದೆ. ಅದನ್ನು ಹೊರಗೆ ಬಿಡದಿದ್ದರೆ ಒತ್ತಡ ಏರಿ ಸೀಲುಗಳು ಒಡೆಯುತ್ತವೆ. ಹಿಂದೆ ಒಂದು ಕೊಳವೆ ಇಟ್ಟು ಆ ಅನಿಲವನ್ನು ನೇರ ರಸ್ತೆಗೇ ಬಿಡುತ್ತಿದ್ದರು. ಹೊಗೆಮಂಜಿನಿಂದ ಕಂಗೆಟ್ಟಿದ್ದ ಕ್ಯಾಲಿಫೋರ್ನಿಯಾ 1960ರ ದಶಕದ ಆರಂಭದಲ್ಲಿ ಇದಕ್ಕೆ ತಡೆ ಹಾಕಿತು. ಆಗ ಬಂದದ್ದು ಪಿಸಿವಿ ವಾಲ್ವ್. ಆ ಅನಿಲವನ್ನು ಹೊರಗೆ ಬಿಡದೆ ಮತ್ತೆ ಎಂಜಿನ್ನಿನ ಗಾಳಿಯ ದಾರಿಗೇ ಸೇರಿಸಿ ಉರಿಸುವ ಏರ್ಪಾಡು ಇದು. ಊರಿನ ಗಾಳಿಗೆ ಇದರಿಂದ ಆದ ಒಳ್ಳೆಯದು ದೊಡ್ಡದು. ಆದರೆ ಆ ಅನಿಲದ ಜೊತೆ ಆಯಿಲ್‌ನ ಸಣ್ಣ ಹನಿಗಳೂ ಬರುತ್ತವೆ. ಹೊರಗೆ ಹೋಗುತ್ತಿದ್ದ ಕೊಳೆಯನ್ನು ಈಗ ಎಂಜಿನ್ ತಾನೇ ನುಂಗುತ್ತಿದೆ. ಪೆಟ್ರೋಲ್ ತೊಳೆಯುತ್ತಿದ್ದ ಕಾಲದಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ತೊಳೆಯುವುದು ನಿಂತ ಮೇಲೆ ಕಾಣತೊಡಗಿತು.

ವಾಲ್ವಿನ ಬೆನ್ನಿನ ಬಿಸಿ ಆಯಿಲ್‌ನ ಹನಿಯನ್ನು ಬೇಯಿಸಿ ಅಂಟಿಸುವಷ್ಟಿರುತ್ತದೆ. ಪೂರ್ತಿ ಉರಿಸಿ ಹಾರಿಸುವಷ್ಟು ಇರುವುದಿಲ್ಲ. ಮೊದಲು ಜಿಡ್ಡು, ಆಮೇಲೆ ಅರಗಿನಂಥ ಪದರ, ಆಮೇಲೆ ಗಟ್ಟಿ ಹೊಪ್ಪಳೆ. ಜಿಡ್ಡಿರುವಾಗಲೇ ಹಿಂದಕ್ಕೆ ಬಂದ ಮಸಿ ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಪದರದ ಮೇಲೆ ಪದರ. ನಯವಾಗಿ ಸುಳಿಯುತ್ತ ಒಳಗೆ ಹೋಗಬೇಕಾದ ಗಾಳಿಯ ಹರಿವು ಆಗ ಕದಡುತ್ತದೆ, ನಾಲ್ಕು ಸಿಲಿಂಡರಿಗೆ ನಾಲ್ಕು ಅಳತೆಯ ಗಾಳಿ ಸಿಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುವುದು, ಮಿಸ್‌ಫೈರ್ ಕೋಡ್ ಬಂದು ಚೆಕ್ ಎಂಜಿನ್ ದೀಪ ಹತ್ತುವುದು ಇದರ ಸಾಮಾನ್ಯ ಲಕ್ಷಣ. ಬಿಸಿಯಾದ ಮೇಲೆ ಸರಿಯಾಗುವುದರಿಂದ ಎಷ್ಟೋ ಮಂದಿ ತಿಂಗಳುಗಟ್ಟಲೆ ಗಮನ ಕೊಡುವುದಿಲ್ಲ.

ಕೆಲವು ತಯಾರಕರು ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿದೆ. ಟೊಯೋಟದ ಡಿ-4ಎಸ್ ಪದ್ಧತಿಯಲ್ಲಿ ಪ್ರತಿ ಸಿಲಿಂಡರಿಗೆ ಎರಡು ಇಂಜೆಕ್ಟರ್‌ಗಳಿವೆ. ಒಂದು ಒಳಗೆ, ಇನ್ನೊಂದು ಹಳೆಯ ಜಾಗದಲ್ಲಿ. ಹೊರಗಿನದು ಕೆಲಸ ಮಾಡುವಾಗ ವಾಲ್ವು ತೊಳೆದುಕೊಳ್ಳುತ್ತದೆ. ಖರ್ಚು ಹೆಚ್ಚು, ಜೋಡಣೆ ಜಟಿಲ. ಆದರೂ ರೋಗ ಬಂದ ಮೇಲೆ ಮದ್ದು ಹುಡುಕುವ ಬದಲು ಮೂಲದಲ್ಲೇ ಕೈಹಾಕಿದ್ದಾರೆ.

ಡೀಸೆಲ್‌ನ ಕಥೆ

ಡೀಸೆಲ್ ಎಂಜಿನ್ ಮೊದಲಿನಿಂದಲೂ ಸಿಲಿಂಡರ್ ಒಳಗೇ ಇಂಧನ ಸಿಂಪಡಿಸುತ್ತದೆ. ಗಾಳಿಯ ಜೊತೆ ಪೂರ್ತಿ ಬೆರೆಯುವ ಮೊದಲೇ ಹೊತ್ತಿಕೊಳ್ಳುವುದರಿಂದ ಮಸಿ ಹುಟ್ಟುವುದು ಅದರ ಸ್ವಭಾವದಲ್ಲೇ ಇದೆ. ಇದರ ಮೇಲೆ ಇಜಿಆರ್ ಬಂತು, ಅಂದರೆ ಹೊಗೆಯನ್ನು ಮತ್ತೆ ಒಳಗೆ ಕಳಿಸುವ ಏರ್ಪಾಡು. ಉರಿಯ ಬಿಸಿ ಅತಿಯಾದಾಗ ಗಾಳಿಯಲ್ಲಿನ ನೈಟ್ರೋಜನ್ ಆಕ್ಸಿಜನ್ ಜೊತೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದು ವಿಷ. ಉರಿಯನ್ನು ತಣಿಸಲು ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್ ಒಳಗೆ ಕಳಿಸುತ್ತಾರೆ. ಆ ಹೊಗೆಯಲ್ಲಿ ಮಸಿ ಇದೆ. ಪಿಸಿವಿ ಕಡೆಯಿಂದ ಆಯಿಲ್ ಹಬೆ ಬರುತ್ತಿದೆ. ಒಣ ಮಸಿ ಒಂದೇ ಆಗಿದ್ದರೆ ಬಹುಪಾಲು ಹಾರಿಹೋಗುತ್ತಿತ್ತು. ಜಿಡ್ಡಿನ ಜೊತೆ ಸೇರಿ ಅದು ಮೆತ್ತಗಿನ ಕರಿ ಹಿಟ್ಟಿನ ಹಾಗಾಗಿ ಕೊಳವೆಯ ಗೋಡೆಗೆ ಹತ್ತುತ್ತದೆ. ದಿನ ಕಳೆದಂತೆ ದಾರಿ ಕಿರಿದಾಗುತ್ತದೆ, ಇಜಿಆರ್ ವಾಲ್ವ್ ಅರ್ಧ ತೆರೆದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹೊಗೆಯ ಇನ್ನೊಂದು ತುದಿಯಲ್ಲಿ ಡಿಪಿಎಫ್ ಇದೆ, ಮಸಿ ಹಿಡಿದಿಡುವ ಸೋಸುಕ. ತುಂಬಿದಾಗ ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡಬೇಕು. ಅದಕ್ಕಾಗಿ ಅನೇಕ ಕಾರುಗಳು ಸಿಲಿಂಡರ್‌ಗೆ ತಡವಾಗಿ ಒಂದಿಷ್ಟು ಹೆಚ್ಚಿನ ಡೀಸೆಲ್ ಸಿಂಪಡಿಸುತ್ತವೆ. ಕೆಲಸ ನಡೆಯುತ್ತಿರುವಾಗಲೇ ಕಾರು ನಿಲ್ಲಿಸಿದರೆ ಸೋಸುಕ ತುಂಬಿಯೇ ಉಳಿಯುತ್ತದೆ. ಮತ್ತೆ ಮತ್ತೆ ಹೀಗಾದರೆ ಉರಿಯದ ಡೀಸೆಲ್ ಆಯಿಲ್‌ಗೆ ಇಳಿಯುತ್ತಲೇ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಮೇಲೇರಿದ್ದರೆ ಖುಷಿಪಡಬೇಡಿ, ಕೂಡಲೇ ತೋರಿಸಿ.

ಆಯಿಲ್, ಪೆಟ್ರೋಲ್, ಫಿಲ್ಟರ್

ಆಯಿಲ್ ಆವಿಯಾಗುವ ಗುಣಕ್ಕೆ ಒಂದು ಅಳತೆ ಇದೆ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತೂಕ ಎಷ್ಟು ಕಮ್ಮಿಯಾಯಿತು ಎಂದು ನೋಡುವ ಈ ಪರೀಕ್ಷೆಗೆ ನೊಯಾಕ್ ಎಂದು ಹೆಸರು. ಪೆಟ್ರೋಲ್ ಎಂಜಿನ್ ಆಯಿಲ್‌ಗಳಿಗಿರುವ ಜಿಎಫ್-6 ಎಂಬ ಮಾನದಂಡ 15 ಪ್ರತಿಶತಕ್ಕಿಂತ ಜಾಸ್ತಿ ಹೋಗಬಾರದು ಎನ್ನುತ್ತದೆ. ತಯಾರಕರು ಹೇಳಿದ ಮಾನದಂಡದ ಆಯಿಲನ್ನೇ ಹಾಕಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಅವಧಿ ಮೀರಿದ ಆಯಿಲ್ ಮಾಡುವ ಕೇಡು ಎಲ್ಲರಿಗೂ ಗೊತ್ತು. ಮಟ್ಟಕ್ಕಿಂತ ಹೆಚ್ಚು ತುಂಬಿದ ಆಯಿಲ್ ಮಾಡುವ ಕೇಡು ಅಷ್ಟಾಗಿ ಗೊತ್ತಿಲ್ಲ. ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಹನಿಗಳು ಪಿಸಿವಿ ದಾರಿ ಹಿಡಿಯುತ್ತವೆ.

ಆಯಿಲ್ ಕೆಟ್ಟಾಗ ಪಿಸ್ಟನ್‌ನ ಆಯಿಲ್ ರಿಂಗ್ ಇರುವ ಸಂದಿಯಲ್ಲೂ ಕರಿ ತುಂಬಿಕೊಳ್ಳುತ್ತದೆ. ರಿಂಗ್ ಅಲುಗಾಡದ ಹಾಗೆ ಅಂಟಿಕೊಂಡರೆ ಗೋಡೆಯ ಆಯಿಲನ್ನು ಕೆಳಗೆ ಬಳಿಯುವ ಕೆಲಸ ನಿಲ್ಲುತ್ತದೆ. ಆಯಿಲ್ ಉರಿಯತೊಡಗುತ್ತದೆ, ಕರಿ ಇನ್ನಷ್ಟು ಹೆಚ್ಚುತ್ತದೆ. ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವ ಕಾರ್ಬನ್ ಇದು, ಯಾಕೆಂದರೆ ಇದು ಹೊರಗಿನಿಂದ ಕಾಣುವುದೇ ಇಲ್ಲ. ಆಯಿಲ್ ಮಟ್ಟ ಇಳಿಯುತ್ತಾ ಹೋಗುವುದೇ ಮುಖ್ಯ ಸುಳಿವು.

ಪೆಟ್ರೋಲಿನ ಬಗ್ಗೆ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಆಕ್ಟೇನ್ ಸಂಖ್ಯೆ ಜಾಸ್ತಿ ಇದ್ದರೆ ಪೆಟ್ರೋಲ್ ಎಂಜಿನ್ನನ್ನು ಹೆಚ್ಚು ಶುದ್ಧವಾಗಿಡುತ್ತದೆ ಅಂತಲ್ಲ. ಆಕ್ಟೇನ್ ಹೇಳುವುದು ಆ ಪೆಟ್ರೋಲ್ ನಾಕಿಂಗ್ ಆಗದೆ, ಅಂದರೆ ಜ್ವಾಲೆ ಮುಟ್ಟುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ, ಎಷ್ಟು ಒತ್ತಡ ತಡೆಯುತ್ತದೆ ಎಂದು ಮಾತ್ರ. ಶುದ್ಧವಾಗಿಡುವುದು ಡಿಟರ್ಜೆಂಟ್. 2004ರಲ್ಲಿ ಕೆಲವು ಕಾರು ಕಂಪನಿಗಳು ಸೇರಿ ಟಾಪ್ ಟಿಯರ್ ಎಂಬ ಮಾನದಂಡ ತಂದದ್ದೂ ಪೆಟ್ರೋಲಿನಲ್ಲಿ ಸಾಕಷ್ಟು ಡಿಟರ್ಜೆಂಟ್ ಇರಲಿ ಎಂದೇ. ಒಳ್ಳೆಯ ಡಿಟರ್ಜೆಂಟ್ ಇಂಜೆಕ್ಟರಿನ ತುದಿಯನ್ನು ಶುದ್ಧವಾಗಿಡುತ್ತದೆ, ಹಳೆಯ ಬಗೆಯ ಎಂಜಿನ್‌ಗಳಲ್ಲಿ ವಾಲ್ವನ್ನೂ ತೊಳೆಯುತ್ತದೆ. ಬರೀ ಡೈರೆಕ್ಟ್ ಇಂಜೆಕ್ಷನ್ ಇರುವ ಎಂಜಿನ್‌ನಲ್ಲಿ ಮಾತ್ರ ಅದು ವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ.

ಏರ್ ಫಿಲ್ಟರ್ ಕೊಳೆಯಾದರೆ ಕಾರ್ಬನ್ ಕಟ್ಟುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಈಗಿನ ಪೆಟ್ರೋಲ್ ಕಾರು ಒಳಗೆ ಬಂದ ಗಾಳಿಯನ್ನು ಅಳೆದು ಅಷ್ಟಕ್ಕೇ ಇಂಧನ ಕೊಡುತ್ತದೆ. ಫಿಲ್ಟರ್ ಕಟ್ಟಿದರೆ ಶಕ್ತಿ ಕುಂದುತ್ತದೆ, ಮಸಿ ಅಷ್ಟಾಗಿ ಹೆಚ್ಚುವುದಿಲ್ಲ. ಡೀಸೆಲ್‌ನಲ್ಲಿ ಗಾಳಿ ಕಮ್ಮಿಯಾದರೆ ಕರಿ ಹೊಗೆ ಬರುವುದು ನಿಜ.

ಕರಿ ಇದ್ದರೆ ಆಗುವುದೇನು?

ತೆಳು ಪದರವಾಗಿದ್ದರೆ ಏನೂ ಆಗುವುದಿಲ್ಲ. ದಪ್ಪವಾದಾಗ ಎರಡು ತೊಂದರೆ. ಪಿಸ್ಟನ್ ಮೇಲೆ ಕೂತ ಕರಿ ಜಾಗ ತಿನ್ನುವುದರಿಂದ ಒಳಗಿನ ಒತ್ತಡ ಹೆಚ್ಚುತ್ತದೆ. ಅದೇ ಕರಿ ಬಿಸಿಯನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತದೆ. ಒತ್ತಡ, ಬಿಸಿ ಎರಡೂ ಸೇರಿದರೆ ನಾಕಿಂಗ್. ಅದನ್ನು ಸೆನ್ಸರ್ ಗುರುತಿಸಿದಾಗ ಕಂಪ್ಯೂಟರ್ ಕಿಡಿ ಹಾರುವುದನ್ನು ತುಸು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಪಿಕಪ್ ಮತ್ತು ಮೈಲೇಜ್ ಎರಡೂ ಇಳಿಯುತ್ತವೆ. ಒಳಗೆ ಬರುವ ಗಾಳಿಯ ಅಳತೆ ನಿಯಂತ್ರಿಸುವ ಥ್ರಾಟಲ್ ಬಾಡಿಯ ಅಂಚಿನಲ್ಲಿ ಕಟ್ಟಿದರೆ ಐಡ್ಲಿಂಗ್ ಏರುಪೇರಾಗುತ್ತದೆ. ಅದನ್ನು ಶುದ್ಧ ಮಾಡುವುದು ಸುಲಭ.

ಮದ್ದು ಕೇಳುವ ಮೊದಲು

ಜೋರಾಗಿ ಓಡಿಸಿದರೆ ಕಾರ್ಬನ್ ಉರಿದುಹೋಗುತ್ತದೆ ಎಂದು ಹೇಳುವವರಿದ್ದಾರೆ. ಪ್ಲಗ್, ಪಿಸ್ಟನ್ ತಲೆ, ಡಿಪಿಎಫ್ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಎಂಜಿನ್ ಕಾದ ಮೇಲೆ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ಒಳ್ಳೆಯದೇ. ಡೈರೆಕ್ಟ್ ಇಂಜೆಕ್ಷನ್ ವಾಲ್ವಿನ ಬೆನ್ನಿನ ಹೊಪ್ಪಳೆ ಅದಕ್ಕೆಲ್ಲ ಜಗ್ಗುವುದಿಲ್ಲ. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಬಾಟಲಿಗೂ ಜಗ್ಗುವುದಿಲ್ಲ. ಗಾಳಿಯ ದಾರಿಯಲ್ಲಿ ಹೈಡ್ರೋಜನ್ ಹಾಯಿಸಿ ತೆಗೆಯುತ್ತೇವೆ ಎನ್ನುವ ಸೇವೆಯೂ ಆ ಗಟ್ಟಿ ಪದರವನ್ನು ಕಿತ್ತು ತೆಗೆಯುತ್ತದೆ ಎಂದು ನನಗೆ ನಂಬಿಕೆ ಬಂದಿಲ್ಲ. ಸ್ಪ್ರೇ ಹೊಡೆದು ತೆಗೆಯುವ ವಿಧಾನದಲ್ಲಿ ಇನ್ನೊಂದು ಅಪಾಯವಿದೆ. ಕಿತ್ತುಬಂದ ಗಟ್ಟಿ ತುಂಡು ಸಿಲಿಂಡರ್ ದಾಟಿ ಟರ್ಬೊ ಕಡೆ ಹೋಗಬಹುದು. ಖಚಿತವಾದ ದಾರಿ ಎಂದರೆ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ ತರುವ ಕೊಳವೆ) ಬಿಚ್ಚಿ, ವಾಲ್ವು ಮುಚ್ಚಿರುವ ಸ್ಥಿತಿಯಲ್ಲಿಟ್ಟು, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಯುವುದು. ಚಿಪ್ಪಿನ ಪುಡಿ ಕರಿಯನ್ನು ಕೆರೆಯುತ್ತದೆ, ಲೋಹಕ್ಕೆ ಗಾಯ ಮಾಡುವುದಿಲ್ಲ.

ಆದ್ದರಿಂದ ಕಾರ್ಬನ್ ಕಟ್ಟಿದೆ ಅಂದವರಿಗೆ ಮೊದಲು ಕೇಳಿ: "ಎಲ್ಲಿ? ತೋರಿಸಿ." ಬೆರಳಿಗಿಂತ ತೆಳ್ಳನೆಯ ಬೋರ್‌ಸ್ಕೋಪ್ ಕ್ಯಾಮೆರಾವನ್ನು ಪ್ಲಗ್‌ನ ತೂತಿನಿಂದ ಇಳಿಸಿದರೆ ಪಿಸ್ಟನ್ ತಲೆ ಕಾಣುತ್ತದೆ, ಇನ್‌ಟೇಕ್ ದಾರಿಯಿಂದ ಇಳಿಸಿದರೆ ವಾಲ್ವಿನ ಬೆನ್ನು ಕಾಣುತ್ತದೆ. ಬಿಚ್ಚಿದ ನಾಲ್ಕು ಪ್ಲಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಸಾಕಷ್ಟು ತಿಳಿಯುತ್ತದೆ. ನಾಲ್ಕೂ ಒಣ ಮಸಿ ಹಿಡಿದಿದ್ದರೆ ಇಂಧನ ಜಾಸ್ತಿ ಆಗುತ್ತಿದೆ, ಇಲ್ಲವೇ ಎಂಜಿನ್ ಕಾಯುತ್ತಿಲ್ಲ. ಒಂದೇ ಒಂದು ಜಿಡ್ಡಾಗಿದ್ದರೆ ಆ ಸಿಲಿಂಡರಿಗೆ ಆಯಿಲ್ ಇಳಿಯುತ್ತಿದೆ.

ಶುದ್ಧ ಮಾಡಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಅದೇ ದೂರು ಬಂದರೆ ಇನ್ನೊಮ್ಮೆ ಶುದ್ಧ ಮಾಡಿಸಲು ಹೋಗಬೇಡಿ. ಪಿಸಿವಿ ವಾಲ್ವ್ ಕಟ್ಟಿದೆಯೇ, ಆಯಿಲ್ ಎಷ್ಟು ಇಳಿಯುತ್ತಿದೆ, ಇಂಜೆಕ್ಟರ್ ಸೋರುತ್ತಿದೆಯೇ ಎಂದು ನೋಡಿಸಿ. ಥರ್ಮೋಸ್ಟಾಟ್ ನೋಡುವುದಂತೂ ಇನ್ನೂ ಸುಲಭ. ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಒಬಿಡಿ ಸಾಕೆಟ್‌ಗೆ ಚಿಕ್ಕ ರೀಡರ್ ಸಿಕ್ಕಿಸಿ, ಅರ್ಧ ಗಂಟೆ ಓಡಿಸಿ, ಕೂಲೆಂಟ್ ಎಷ್ಟು ಡಿಗ್ರಿಯಲ್ಲಿದೆ ಎಂದು ಓದಿ. ಹೆಚ್ಚಿನ ಎಂಜಿನ್‌ಗಳಲ್ಲಿ ಅದು 85ರಿಂದ 100ರ ಆಸುಪಾಸಿನಲ್ಲಿ ನಿಲ್ಲಬೇಕು. ಅಷ್ಟು ಓಡಿದ ಮೇಲೂ 65, 70ರಲ್ಲೇ ಹೊಯ್ದಾಡುತ್ತಿದ್ದರೆ ಮೊದಲು ಬದಲಿಸಬೇಕಾದ್ದು ಥರ್ಮೋಸ್ಟಾಟ್.